ಸಬೀಹಾಳ ಮಿಸ್ ಕಾಲ್

ಡಾಕ್ಟರ್ ಸಬೀಹಾ ತನ್ನ ಕಾರನ್ನು ಎರಡು ಥರ ಓಡಿಸುತ್ತಿದ್ದಳು. ಪಕ್ಕದಲ್ಲಿ ಜನ ಇದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು. "ಆಕಿ ಒಬ್ಬಾಕೀನ ಬಂದ್ರ ನಾ ಗ್ವಾಡಿಗೆ ಅಂಟಿ ನಿಂದ್ರತೀನಿ" ಎಂದು ನಮ್ಮ ವಾಚ್‌ಮನ್ ಹೇಳುತ್ತಿದ್ದ.

ಕಲಬುರಗಿಯಲ್ಲಿ ತಲೆ ಸ್ಕ್ಯಾನ್ ಮಾಡುವ ಒಂದು ಕಡೆ ನಾನು ನೆಲ ಒರೆಸುತ್ತಿದ್ದೆ. ನನ್ನ ಊರು ಕಮಲಾಪುರ, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದೆ. ಮನೆಯಲ್ಲಿ ನಾನೊಬ್ಬಳೇ. ಸಬೀಹಾ ಆ ಸ್ಕ್ಯಾನಿನ ಜಾಗಕ್ಕೆ ಕಲಿಯಲು ಬಂದವಳು. ಇಪ್ಪತ್ತೈದೂ ಆಗಿರಲಿಲ್ಲ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ಬಾಡಿಗೆ ಖೋಲಿ ಹಿಡಿದು ಒಬ್ಬಳೇ ಇದ್ದಳು. ಮಧ್ಯಾಹ್ನ ಡಬ್ಬಿ ತಂದು ನನ್ನೆದುರು ಕೂಡುತ್ತಿದ್ದಳು. ಮಾತಿಗಲ್ಲ. ಎದುರಿಗೆ ಯಾರಾದರೂ ಇರಬೇಕು, ಅಷ್ಟೆ.

ಹೊಸದಾಗಿ ಗಾಡಿ ಕಲಿತ ಹುಡುಗರನ್ನು ಮಷಿನ್‌ನಲ್ಲಿ ಮಲಗಿಸಿ, ಕಣ್ಣೆದುರು ರಸ್ತೆಯ ಆಟ ಹಚ್ಚಿ, ಅವರ ಮಿದುಳಿನ ಫೋಟೊ ತೆಗೆಯುವುದು ಅವಳ ಕೆಲಸ. ಹಳದಿ ದೀಪಕ್ಕೆ ಹುಡುಗ ನಿಲ್ಲುತ್ತಾನೋ ನುಗ್ಗುತ್ತಾನೋ ನೋಡುವುದು. ಗಾಜಿನ ಆಚೆ ಒಮ್ಮೆ ಅವನ ದೋಸ್ತರನ್ನು ಕೂಡಿಸುವಳು, ಒಮ್ಮೆ ನನ್ನನ್ನು. ಯಾರು ನೋಡುತ್ತಿದ್ದಾರೆಂದು ಮೈಕಿನಲ್ಲಿ ಹುಡುಗನಿಗೆ ಹೇಳುವಳು.

"ನಾ ಏನು ಮಾಡ್ಲಿ?" ಎಂದು ಕೇಳಿದ್ದೆ.

"ಏನೂ ಬ್ಯಾಡ ಆಯಿ. ನೀ ಬೈತಿ ಅಂತ ಅವ್ರಿಗೆ ಅನಿಸಿದ್ರ ಬಸ್."

ದೋಸ್ತರೆದುರು ನುಗ್ಗಿದವರು ನನ್ನೆದುರು ನಿಂತರು. ಎರಡು ಫೋಟೊ ತೋರಿಸಿದಳು. ದೋಸ್ತರಿದ್ದಾಗ ತೆಗೆದದ್ದರ ನಡುವೆ ಕೆಂಡದಂಥ ಕಲೆ. ನಾನಿದ್ದಾಗ ತೆಗೆದದ್ದರಲ್ಲಿ ಅದು ಮಂಕು.

"ಇದು ಮಜಾ ಬೇಡೋ ಜಾಗ. ಈ ವಯಸ್ಸಿನ್ಯಾಗ ಹಾರ್ಮೋನು ಇದಕ್ಕ ಎಣ್ಣಿ ಹೊಯ್ತಾವ. ಹಣಿ ಹಿಂದಿನ ಭಾಗ 'ತಡಿ' ಅಂತದ. ಆದ್ರ ಅದು ಮಾಗೋದು ಎಲ್ಲಾದ್ರಕಿಂತ ಕಡೀಕ."

"ನಮ್ಮೂರ ಕೆಂಪು ಬಾಳಿಗೊನಿ ಹಂಗ. ಮ್ಯಾಲಿನ ಕಾಯಿ ಮೊದ್ಲು ಹಣ್ಣಾಗ್ತಾವ, ತುದೀವು ಕಡೀಕ. ನಿಂದು ಮಾಗ್ಯದೇನ?"

"ನಂದೂ ಜರಾ ಬಾಕಿ ಅದ" ಎಂದು ನಕ್ಕಳು.

ಒಂದು ಸಂಜೆ ಬಸ್ಸಿರಲಿಲ್ಲ. ಕಮಲಾಪುರದವರೆಗೆ ಅವಳೇ ಬಿಟ್ಟಳು. ಎಮ್ಮೆ ಅಡ್ಡ ಬಂದರೆ ನಿಲ್ಲಿಸಿ ಕಾಯ್ದಳು.

"ವಾಚ್‌ಮನ್ ಸುಳ್ಳ ಹೇಳ್ತಾನಲ್ಲ" ಎಂದೆ.

"ನೀ ಕುಂತೀಯಲ್ಲ, ಅದಕ್ಕ. ಒಬ್ಬಾಕಿ ಇದ್ದಾಗ ಯಾರ ಸಲುವಾಗಿ ನಿಧಾನ ಹೋಗ್ಲಿ? ಖೋಲ್ಯಾಗ ಯಾರ್ ಕಾಯ್ತಾರ?"

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಖೋಲಿ ಮುಟ್ಟಿದ ಮ್ಯಾಲ ನನಗೊಂದು ಮಿಸ್ ಕಾಲ್ ಕೊಡು. ಬರೋತನಕ ನಾ ಉಣ್ಣಂಗಿಲ್ಲ" ಎಂದೆ.

"ನಾ ನಿಧಾನ ಹೋದ್ರ ನೀ ಉಪವಾಸ ಬೀಳ್ತಿ ನೋಡು."

"ಬೀಳ್ತೀನಿ. ನೀ ನಿಧಾನ ಹೋಗು."

ಅವತ್ತು ರೊಟ್ಟಿ ಆರಿ ಹಪ್ಪಳವಾದ ಮೇಲೆ ಫೋನು ರಿಂಗಾಯಿತು. ಆಮೇಲೆ ದಿನಾ ಸಂಜೆ ರಿಂಗಾಗುತ್ತಿತ್ತು.

ಅವಳ ಕಲಿಕೆ ಮುಗಿದು ದೂರದ ಊರಿನಲ್ಲಿ ನೌಕರಿಯಾಯಿತು. ಹೋಗುವ ದಿನ ಕಮಲಾಪುರಕ್ಕೆ ಬಂದು ಒಂದು ಗೊನೆ ಬಾಳೆ ಕೊಂಡಳು. ಅದನ್ನು ಪಕ್ಕದ ಸೀಟಿನಲ್ಲಿ ನನ್ನಂತೆ ಕೂಡಿಸಿ, ಬೆಲ್ಟ್ ಕಟ್ಟಿ ಹೊರಟಳು. ತಿರುವಿನ ತನಕ ಕಾರು ಎತ್ತಿನಗಾಡಿಯಂತೆ ಹೋಯಿತು. ಆಮೇಲೆ ಹೇಗೆ ಹೋಯಿತೋ ಕಾಣಲಿಲ್ಲ.

ಅಲ್ಲಿಂದಲೂ ಕೆಲವು ತಿಂಗಳು ಮಿಸ್ ಕಾಲ್ ಬಂತು. ಈಗ ಬರುವುದಿಲ್ಲ. ನಾನು ಫೋನು ಹಚ್ಚಿದರೆ ಆ ನಂಬರ್ ಇಲ್ಲ ಎನ್ನುತ್ತದೆ. ಅವಳ ಖೋಲಿಯಲ್ಲಿ ಕಾಯುವವರು ಸಿಕ್ಕಿರಬೇಕು ಎಂದುಕೊಂಡಿದ್ದೇನೆ. ಬೇರೆ ಏನನ್ನೂ ಅಂದುಕೊಳ್ಳುವುದಿಲ್ಲ.

ರೊಟ್ಟಿಯನ್ನು ಮಾತ್ರ ಈಗಲೂ ಆರಿದ ಮೇಲೆಯೇ ಉಣ್ಣುತ್ತೇನೆ.