ನಾನು ಓದಿ ಹೇಳದ ಕಟ್ಟು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎಷ್ಟೋ ಸಲ ಎದ್ದು ಹೋಗಿದ್ದೇನೆ. ಹಬ್ಬ ಮುಗಿಯಲಿ, ಬಿಸಿಲು ಇಳಿಯಲಿ, ಕಣ್ಣಿನ ಆಪರೇಷನ್ ಆಗಲಿ ಎಂದು ಮುಂದೂಡುತ್ತ ಬಂದೆ. ಆಪರೇಷನ್ನೂ ಆಯಿತು. ಈಗ ಅಕ್ಷರ ಸ್ವಚ್ಛವಾಗಿ ಕಾಣುತ್ತವೆ. ಹೇಳಲು ನೆಪ ಉಳಿದಿಲ್ಲ.

ನಾವು ಇಳಕಲ್ಲಿನವರು. ನಮ್ಮ ಪಡಸಾಲೆಯಲ್ಲಿ ಕುಣಿ ಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯಬೇಕು. ನನ್ನ ಮೊಣಕಾಲು ಕುಣಿಗೆ ಇಳಿಯಲು ಒಲ್ಲೆ ಎಂದಾಗ ಆ ಜಾಗಕ್ಕೆ ಸೊಸೆ ಬಂದಳು. ಮಗ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದ. ಮೊಮ್ಮಗಳು ಇನ್ನೂ ತೊಟ್ಟಿಲಲ್ಲಿದ್ದಳು.

ಸೊಸೆ ತವರಿನಲ್ಲಿ ಪಿಯುಸಿ ಮುಗಿಸಿ ಬಂದವಳು. ಒಂದು ವರ್ಷ ಸರ್ಕಾರಿ ಗುಮಾಸ್ತರ ಕೆಲಸಕ್ಕೆ ಪರೀಕ್ಷೆ ಕರೆದರು. ವಯಸ್ಸಿನ ಮಿತಿ ದಾಟುವ ಮುಂಚೆ ಅವಳಿಗೆ ಅದೇ ಕಡೆಯ ಅವಕಾಶ. ಅರ್ಜಿಯನ್ನೇನೋ ಹಾಕಿದಳು. ಓದಲು ಹೊತ್ತೆಲ್ಲಿದೆ ಎಂದು ಮಗ ಕೇಳಿದ. ಬೆಳಗಿನಿಂದ ದೀಪ ಹಚ್ಚುವತನಕ ಮಗ್ಗ, ಆಮೇಲೆ ರೊಟ್ಟಿ, ಕೂಸು, ನಿದ್ದೆ. ಆಗ ನಾನೇ ಬಾಯಿ ಹಾಕಿದೆ.

"ಕೈಕಾಲು ಮಗ್ಗಕ್ಕ ಬೇಕು. ಕಿವಿ ಖಾಲಿ ಅದಾವಲ್ಲ? ನಾ ಓದಿ ಹೇಳ್ತೇನಿ."

ನಾನು ಮೆಟ್ರಿಕ್ ಪಾಸಾದವನು. ಓಣಿಯಲ್ಲಿ ಯಾರಿಗೆ ಬ್ಯಾಂಕಿನ ಕಾಗದ ಬಂದರೂ ಮೊದಲು ನಮ್ಮ ಕಟ್ಟೆಗೆ ಬರುತ್ತಿದ್ದರು. ಸೊಸೆಗೆ ನಾನೇ ಮಾಸ್ತರ ಎಂದು ಚಹದ ಅಂಗಡಿಯಲ್ಲಿ ಹೇಳಿಕೊಂಡೆ. ಇನ್ನು ಮೇಲೆ ನಿನಗೂ ಒಂದು ಬೆತ್ತ ಬೇಕು ಎಂದು ಗೆಳೆಯರು ಕಾಡಿದರು. ಆ ಕಾಡಿಕೆ ನನಗೆ ಹಿತವಾಗಿತ್ತು.

ಬಾಗಲಕೋಟೆಗೆ ಹೋಗಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ನೋಟ್ಸ್ ತಂದೆ. ವಿಜ್ಞಾನ, ತಂತ್ರಜ್ಞಾನ, ಅರ್ಥಶಾಸ್ತ್ರ, ಇತಿಹಾಸ, ಒಂದೊಂದಕ್ಕೂ ಬೇರೆ ಕಟ್ಟು. ಮರಳಿ ಬರುವಾಗ ಬಸ್ಸು ಕಮತಗಿ ದಾಟುತ್ತಿತ್ತು. ಕಿಟಕಿಯ ಪಕ್ಕ ಕೂತು ಕಟ್ಟುಗಳನ್ನು ಬಿಚ್ಚಿ ನೋಡಿದೆ. ಇತಿಹಾಸ ನೀರಿನಂತೆ ಓದಿಸಿಕೊಂಡಿತು. ವಿಜ್ಞಾನದಲ್ಲಿ ಎಲೆ, ಬೇರು, ಬೆಳಕು ಇದ್ದವು, ಅದೂ ನಡೆಯಿತು. ತಂತ್ರಜ್ಞಾನದಲ್ಲಿ ಪೇಪರಿನಲ್ಲಿ ಕಂಡ ಮಾತುಗಳೇ ಇದ್ದವು. ಅರ್ಥಶಾಸ್ತ್ರದ ಮೊದಲ ಪುಟದಲ್ಲೇ ನಾನು ತಡವರಿಸಿದೆ. ವಿತ್ತೀಯ ಕೊರತೆ, ಪಾವತಿ ಸಮತೋಲನ. ಅಕ್ಷರ ಕನ್ನಡದವೇ, ಓದಿದರೆ ಒಂದೂ ತಲೆಗೆ ಹತ್ತಲಿಲ್ಲ. ಅವಳು ಮಗ್ಗದಿಂದ ಇದೇನು ಎಂದು ಕೇಳಿದರೆ ಏನು ಹೇಳಲಿ? ಹುನಗುಂದ ಬರುವುದರೊಳಗೆ ಆ ಕಟ್ಟು ಉಳಿದವುಗಳಿಂದ ಬೇರೆಯಾಗಿ ಅಂಗಿಯೊಳಗೆ ನನ್ನ ಧೋತರದ ಗಂಟಿಗೆ ಸೇರಿತ್ತು.

ಮನೆಯಲ್ಲಿ ಅವಳು ಕಟ್ಟುಗಳನ್ನು ಮುಟ್ಟಿ ನೋಡಿ, ಅರ್ಥಶಾಸ್ತ್ರದ್ದು ಎಲ್ಲಿ ಎಂದಳು. ಅಂಗಡಿಯಲ್ಲಿ ಅದು ಮುಗಿದಿತ್ತು, ಬಂದ ಮೇಲೆ ಕಳಿಸುತ್ತಾನಂತೆ ಎಂದೆ. ರಾತ್ರಿ ಅದನ್ನು ನನ್ನ ಗಾದಿಯ ಕೆಳಗೆ ಇಟ್ಟೆ.

ಮಾವನ ಎದುರು ಸೊಸೆ ಕೂಡುವುದಿಲ್ಲ, ನಮ್ಮಲ್ಲಿ ಹಾಗೆಯೇ ನಡೆದು ಬಂದಿದೆ. ಆದರೆ ಮಗ್ಗದ ಕುಣಿಯಲ್ಲಿ ಅವಳು ನನಗೆ ಬೆನ್ನು ಮಾಡಿ ಕೂತಿರುತ್ತಿದ್ದಳು. ನಾನು ಹಿಂದೆ ಕಂಬಕ್ಕೆ ಒರಗಿ ಕೂತಿರುತ್ತಿದ್ದೆ. ಹಾಗಾಗಿ ಅದು ಎದುರು ಕೂತಂತಲ್ಲ. ಮುಖ ನೋಡದೆ ನಾವಿಬ್ಬರೂ ಅಷ್ಟು ತಿಂಗಳು ಮಾತಾಡಿದೆವು. ಅದಕ್ಕೂ ಮುಂಚೆ ಊಟಕ್ಕೆ ಏಳ್ರಿ ಎನ್ನುವುದರ ಹೊರತು ನಮ್ಮ ನಡುವೆ ಮಾತೇ ಇರಲಿಲ್ಲ.

ಆ ಮಧ್ಯಾಹ್ನಗಳು ಈಗಲೂ ನನಗೆ ಕನಸಿನಲ್ಲಿ ಬರುತ್ತವೆ. ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು, ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಮಲಗುತ್ತಿತ್ತು. ನೂಲು ಹೊತ್ತ ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು. ಎಲೆ ಬೆಳಕನ್ನು ಉಂಡು ಅನ್ನ ಮಾಡುತ್ತದೆ ಎಂದು ನಾನು ಓದುತ್ತಿದ್ದೆ, ಅವಳ ಕೈಯಲ್ಲಿ ಕೆಂಪು ಸೆರಗು ಬೆರಳು ಬೆರಳಷ್ಟೇ ಬೆಳೆಯುತ್ತಿತ್ತು. ಪುಟ ಮುಗಿದರೆ "ಮುಂದ" ಎನ್ನುತ್ತಿದ್ದಳು. ಆ ಒಂದು ಮಾತಿಗೆ ನಾನು ಕಾಯುತ್ತಿದ್ದೆ. ಬಾದಾಮಿಯ ಗುಹೆಗಳ ಪಾಠ ಬಂದಾಗ ನೋಟ್ಸ್ ಬದಿಗಿಟ್ಟು, ಚಿಕ್ಕಂದಿನಲ್ಲಿ ಸಾಲೆಯಿಂದ ಹೋದಾಗ ಕಂಡ ಕೆಂಪು ಬಂಡೆ, ಕೆರೆಯ ಹಸಿರು ನೀರು, ಬುತ್ತಿ ಕಸಿದ ಮಂಗ ಎಲ್ಲವನ್ನೂ ಹೇಳಿದೆ. ಪರೀಕ್ಷೆ ಮುಗಿದ ಮೇಲೆ ಕೂಸನ್ನು ಕರೆದುಕೊಂಡು ಹೋಗೋಣರಿ ಎಂದಳು. ಐಹೊಳೆಯನ್ನೂ ನೋಡಿ ಬರೋಣ ಎಂದೆ.

ಓದುತ್ತ ಓದುತ್ತ ನನಗೆ ಜೊಂಪು ಹತ್ತುತ್ತಿತ್ತು. ತಂತ್ರಜ್ಞಾನದ ಸಾಲು ಇತಿಹಾಸಕ್ಕೆ ಹೊರಳುತ್ತಿತ್ತು. ಒಮ್ಮೆ ಲಾಳಿ ನಿಂತಿತು.

"ಮಾವಾರ, ಉಪಗ್ರಹ ಚಾಲುಕ್ಯರು ಹಾರಿಸಿದ್ರೇನ್ರಿ?"

ನಾನು ಎಚ್ಚರಾದೆ. ಅವಳ ಹೆಗಲು ನಗೆಯಿಂದ ಕುಲುಕುತ್ತಿತ್ತು. ನಾನೂ ನಕ್ಕೆ, ತೊಟ್ಟಿಲಲ್ಲಿ ಕೂಸು ಎದ್ದು ಅತ್ತಿತು.

ಅರ್ಥಶಾಸ್ತ್ರದ ಕಟ್ಟನ್ನು ಅವಳು ಮತ್ತೆ ಕೇಳಿದಳು. ಬಂದಿಲ್ಲ ಎಂದೆ. ತಾನೇ ಹೋಗಿ ತರುತ್ತೇನೆ ಎಂದು ಮಗ ಹೊರಟಾಗ, ಬೇಡ, ಇತಿಹಾಸದಿಂದಲೇ ಹೆಚ್ಚು ಕೇಳುತ್ತಾರೆ ಎಂದು ತಡೆದೆ. ಮೆಟ್ರಿಕ್ ಪಾಸಾದ ಅಪ್ಪನ ಮಾತೆಂದು ಅವನು ನಂಬಿದ. ಇವತ್ತು ಕೊಟ್ಟುಬಿಡಬೇಕು ಎಂದು ದಿನಾ ಅನಿಸುತ್ತಿತ್ತು. ಕೊಟ್ಟರೆ ಮೊದಲ ದಿನದ ಸುಳ್ಳನ್ನೂ ಕೊಡಬೇಕಾಗುತ್ತಿತ್ತು.

ಪರೀಕ್ಷೆಗೆ ಬಾಗಲಕೋಟೆಗೆ ನಾನೇ ಕರೆದುಕೊಂಡು ಹೋದೆ. ಸಾಲೆಯ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದೆ. ಹೊರಗೆ ಬಂದವಳು ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊರಗಿನ ಜೋಳದ ಹೊಲಗಳನ್ನು ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಮಗ ಕೇಳಿದ. ಅವಳು ಒಳಬಾಗಿಲ ಹತ್ತಿರ ನಿಂತು ಹೇಳಿದಳು: "ಮಾವಾರು ಓದಿದ್ದು ಒಂದೂ ಬಿಟ್ಟಿಲ್ಲ, ಎಲ್ಲಾ ಬರದೇನಿ. ಅರ್ಥಶಾಸ್ತ್ರದ್ದ ಭಾಳ ಕೇಳಿದ್ರು."

"ಆ ಅಂಗಡಿಯಾಂವ ಕಳಸಲೇ ಇಲ್ಲ ನೋಡು," ಎಂದ ಮಗ.

"ಮುಗದಿತ್ತಂತ. ಅಂವ ಏನ ಮಾಡ್ಯಾನು, ಬಿಡ್ರಿ."

ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ.

ಫಲಿತಾಂಶ ಬಂದಾಗ ಪಟ್ಟಿಯಲ್ಲಿ ಅವಳ ನಂಬರ್ ಇರಲಿಲ್ಲ. ಸ್ವಲ್ಪದರಲ್ಲೇ ತಪ್ಪಿತ್ತು. ಮಗ ಅಂಗಡಿಯವನನ್ನು ಬೈದ. ಅವಳು ಹೊಸ ಹಾಸು ಹೂಡಿದಳು.

ಆ ಕಟ್ಟನ್ನು ಎಲ್ಲಾದರೂ ಎಸೆದು ಬರಬೇಕೆಂದು ಒಂದು ದಿನ ಗಾದಿ ಎತ್ತಿದೆ. ಇಟ್ಟಲ್ಲೇ ಇತ್ತು, ಇಟ್ಟ ಹಾಗೆಯೇ ಇತ್ತು. ಆದರೆ ನಡುವೆ ಒಂದು ಪುಟದಲ್ಲಿ ಕೆಂಪು ರೇಷ್ಮೆಯ ಎಳೆ ಕೂತಿತ್ತು. ಉಳಿದ ಕಟ್ಟುಗಳಲ್ಲಿಯೂ ಓದಿ ನಿಲ್ಲಿಸಿದ ಜಾಗಕ್ಕೆ ಅವಳು ಹಾಗೆಯೇ ಸೆರಗಿನ ಎಳೆ ಇಡುತ್ತಿದ್ದಳು.

ಗಾದಿ ಬಿಸಿಲಿಗೆ ಹಾಕುವಾಗ ಅವಳಿಗೆ ಸಿಕ್ಕಿರಬೇಕು. ನಾನು ಚಹಕ್ಕೆ ಹೋದ ಗಳಿಗೆಗಳಲ್ಲಿ ಕದ್ದು ಓದಿದ್ದಾಳೆ, ಅರ್ಧಕ್ಕೆ ಬರುವಷ್ಟರಲ್ಲಿ ಪರೀಕ್ಷೆ ಬಂದಿದೆ. ಹೊರಗೆ ತಂದು ಇಟ್ಟುಕೊಂಡು ಓದಿದ್ದರೆ ಪೂರ್ತಿ ಮುಗಿಸುತ್ತಿದ್ದಳು. ಹಾಗೆ ಮಾಡಿದ್ದರೆ ಗಂಡನ ಮುಂದೆ, ಓಣಿಯ ಮುಂದೆ ಮಾವನ ಮುಖ ಬೀಳುತ್ತಿತ್ತು. ಒಳಬಾಗಿಲ ಹತ್ತಿರ ನಿಂತು ಅಂಗಡಿಯವನ ಪರ ಮಾತಾಡಿದಾಗಲೂ ಅವಳಿಗೆ ಎಲ್ಲ ಗೊತ್ತಿತ್ತು.

ಕಟ್ಟನ್ನು ಎಸೆಯಲಿಲ್ಲ.

ಬಾದಾಮಿಗೆ ಹೋಗಲಿಲ್ಲ. ಹೋಗೋಣ ಎಂದು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತೊಟ್ಟಿಲಲ್ಲಿದ್ದ ಕೂಸು ಈಗ ಹೈಸ್ಕೂಲಿಗೆ ಹೋಗುತ್ತದೆ. ಹೋದ ತಿಂಗಳು ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಒಂದು ಮಧ್ಯಾಹ್ನ ಆ ಕಟ್ಟು ಹಿಡಿದು ಹಳೆಯ ಕಂಬಕ್ಕೆ ಒರಗಿ ಕೂತೆ. ಕಾಗದ ಹಳದಿಯಾಗಿತ್ತು, ಎಳೆ ಮಾತ್ರ ಕೆಂಪಾಗಿಯೇ ಇತ್ತು. ಅವಳು ನಿಲ್ಲಿಸಿದ ಪುಟದಿಂದ ಓದತೊಡಗಿದೆ. ಲಾಳಿ ಒಂದು ಗಳಿಗೆ ನಿಂತಿತು, ಮತ್ತೆ ಓಡಿತು. ಕಠಿಣ ಮಾತು ಬಂದಲ್ಲಿ ನಾಲಿಗೆ ತೊಡರಿತು. ಅದರರ್ಥ ನನಗೆ ತಿಳಿಯದು ಎಂದು ಮೊದಲ ಸಲ ಬಾಯಿ ಬಿಟ್ಟು ಹೇಳಿದೆ. ಅವಳು ಹಿಂದೆ ತಿರುಗಲಿಲ್ಲ.

"ಮುಂದ ಓದ್ರಿ," ಎಂದಳು.

ಓದಿದೆ. ಬಿಸಿಲಿನ ಕೋಲು ಹಾಸಿನಿಂದ ಗೋಡೆಗೆ ಸರಿಯುವತನಕ ಓದಿದೆ. ತಪ್ಪಾಯಿತು ಎನ್ನುವ ಮಾತು ಪ್ರತಿ ಪುಟದ ಕೊನೆಗೂ ಬಾಯಿಗೆ ಬಂತು, ಪುಟ ತಿರುವುವಾಗ ಒಳಗೆ ಹೋಯಿತು. ಮಗನಿಗೆ ಆಮೇಲೆ ಎಲ್ಲವನ್ನೂ ಹೇಳಿದೆ. ಬಾಗಲಕೋಟೆಯ ಆ ಅಂಗಡಿಯವನ ಎದುರು ನಿಂತು ಕೈ ಮುಗಿದು ಬಂದೆ. ಅವನಿಗೆ ನನ್ನ ನೆನಪೇ ಇರಲಿಲ್ಲ. ಕ್ಷಮೆ ಕೇಳದೆ ಬಿಟ್ಟದ್ದು ಒಬ್ಬಳನ್ನು ಮಾತ್ರ. ನಾನು ಇದನ್ನು ಬರೆಯುತ್ತಿರುವಾಗ ನನಗೆ ಬೆನ್ನು ಮಾಡಿ ಕುಣಿಯಲ್ಲಿ ಕೂತು ನೇಯುತ್ತಿರುವ ನನ್ನ ಸೊಸೆಯನ್ನು.