ಪಾಯಿಂಟ್ ಮೇಸ್ತ್ರಿಯ ಉಗುರು

ಆತನ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಮುಂದಕ್ಕೆ ಚಾಚಿಕೊಂಡಿತ್ತು. ಅಂಚಿಗೆ ಗ್ರೀಸಿನ ಕಪ್ಪು ಗೆರೆ. ಮಿಕ್ಕ ಒಂಬತ್ತನ್ನೂ ಬುಡಮಟ್ಟ ಕತ್ತರಿಸಿ, ಅದೊಂದನ್ನು ಮಾತ್ರ ಸಣ್ಣ ಅರದಿಂದ ಉಜ್ಜಿ ಉಜ್ಜಿ ನೀಟಾಗಿ ಇಟ್ಟುಕೊಂಡಿದ್ದ. ಆ ಉಗುರು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆ ಮನುಷ್ಯನನ್ನು ಕಂಡರೂ ಅಷ್ಟೆ.

ನಾನು ಶಿವಮೊಗ್ಗದ ಆಲ್ಕೊಳದವನು. ತೊಂಬತ್ತರ ದಶಕದಲ್ಲಿ ಅಪ್ಪ ಬಿಟ್ಟುಹೋದ ಹಳೇ ಪೆಟ್ರೋಲ್ ಟ್ಯಾಕ್ಸಿ ಓಡಿಸಿ ಸಂಸಾರ ನಡೆಸುತ್ತಿದ್ದೆ. ಅದರ ಇಂಜಿನ್ ಪಕ್ಕದಲ್ಲಿ ಡಿಸ್ಟ್ರಿಬ್ಯೂಟರ್ ಎಂಬ ಒಂದು ಗಿಡ್ಡ ಡಬ್ಬಿ. ನಾಲ್ಕು ಪ್ಲಗ್ಗುಗಳಿಗೆ ಸರದಿಯ ಮೇಲೆ ಕಿಡಿ ಹಂಚುವುದು ಅದರ ಕೆಲಸ. ಒಳಗೆ ಪಾಯಿಂಟ್ ಅಂತ ಎರಡು ಪುಟ್ಟ ಲೋಹದ ತುಟಿಗಳು ತೆರೆದು ಮುಚ್ಚುತ್ತಿರುತ್ತವೆ. ಅವುಗಳ ನಡುವಿನ ಸಂದು ಒಂದು ಕೂದಲಷ್ಟು ಹೆಚ್ಚುಕಮ್ಮಿಯಾದರೂ ಗಾಡಿ ಕೆಮ್ಮುತ್ತದೆ, ಕೊನೆಗೆ ನಿಂತೇ ಬಿಡುತ್ತದೆ. ತಿಂಗಳಿಗೊಮ್ಮೆ ಅದನ್ನು ಸರಿಮಾಡಿಸಲೇಬೇಕು. ಬೇರೆಯವರು ತಗಡಿನ ಅಳತೆಪಟ್ಟಿ ಇಟ್ಟು ನೋಡಿದರೆ ಭದ್ರಾವತಿಯ ಈ ಮೇಸ್ತ್ರಿ ತನ್ನ ಉಗುರು ತೂರಿಸುತ್ತಿದ್ದ. ತೂರಿಸಿ, ಕಣ್ಣು ಮುಚ್ಚಿ, “ಹ್ಞೂಂ, ಕಚ್ತು” ಅಂದನೆಂದರೆ ಮುಗಿಯಿತು. ಮುಂದಿನ ಒಂದು ತಿಂಗಳು ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್. ಅದಕ್ಕೇ ತಾನೆ, ಶಿವಮೊಗ್ಗದಲ್ಲಿ ಬೀದಿಗೊಬ್ಬ ಮೆಕ್ಯಾನಿಕ್ ಇದ್ದರೂ ನಾನು ಭದ್ರಾವತಿಗೆ ಹೋಗಿ ಸಾಯುತ್ತಿದ್ದುದು!

ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರ ಮಗ ಆತ. ಕ್ವಾರ್ಟರ್ಸ್ ಹಿಂದೆ ಒಂದು ತಗಡಿನ ಶೆಡ್ಡು. ಹೋದವರಿಗೆ ಬಾ, ಕೂತ್ಕೋ ಅನ್ನುವ ಅಭ್ಯಾಸವೇ ಇಲ್ಲ. “ಏನಯ್ಯಾ, ಗಾಡಿ ಓಡಿಸ್ತೀಯೋ, ಎಮ್ಮೆ ಮೇಯಿಸ್ತೀಯೋ?” ಇದು ನಮಸ್ಕಾರ. ಒಮ್ಮೆ ನಾನು ವೈರೊಂದನ್ನು ಮುಟ್ಟಿದ್ದಕ್ಕೆ ಸ್ಪ್ಯಾನರಿನಿಂದ ಕೈ ಮೇಲೆ ಕುಟ್ಟಿದ. “ತೆಗಿ ಕೈ. ನಿಂಗೆ ಸ್ಟೀರಿಂಗ್ ಕೊಟ್ಟಿದ್ದೇ ಜಾಸ್ತಿ.” ಮುಯ್ಯಿ ತೀರಿಸಲು ನಾನೊಂದು ಅಳತೆಪಟ್ಟಿ ಕೊಂಡುಹೋಗಿ ಎದುರಿಗೆ ಹಿಡಿದೆ. ಅದನ್ನು ಶೆಡ್ಡಿನ ಆಚೆ ಎಸೆದು, “ಇದಕ್ಕೆ ಕಚ್ಚಿದ್ದು ಗೊತ್ತಾಗುತ್ತಾ? ನನ್ನ ಬೆರಳಿಗೆ ಗೊತ್ತಾಗುತ್ತೆ. ಪೋ, ಪೋ” ಅಂದ. ಒಂಬತ್ತು ವರ್ಷ ಹೀಗೇ ಬೈಸಿಕೊಂಡೆ.

ಆಮೇಲೊಂದು ದಿನ ನವುಲೆಯ ಒಂದು ಕುಟುಂಬವನ್ನು ಆನೆ ತೋರಿಸಲು ಸಕ್ರೆಬೈಲಿಗೆ ಕರೆದೊಯ್ಯುತ್ತಿದ್ದೆ. ನನ್ನ ಕಾಯಂ ಗಿರಾಕಿಗಳು. ಹಿಂದಿನ ದಿನವಷ್ಟೇ ಪಾಯಿಂಟ್ ಸರಿಮಾಡಿಸಿದ್ದ ಗಾಡಿ ಗಾಜನೂರು ಬರುವ ಮೊದಲೇ ನಾಲ್ಕು ಸಲ ಕೆಮ್ಮಿ ನಿಂತಿತು. ಆನೆಗಳ ಸ್ನಾನ ಮುಗಿದುಹೋಗುತ್ತದೆಂದು ಮಕ್ಕಳು ಅಳತೊಡಗಿದವು. ಅವರು ಯಾರದೋ ಜೀಪು ಹತ್ತಿ ಹೋದರು. ಮತ್ತೆಂದೂ ನನ್ನನ್ನು ಕರೆಯಲಿಲ್ಲ.

ಗಾಡಿಯನ್ನು ಹೇಗೋ ಎಬ್ಬಿಸಿಕೊಂಡು ನೆಟ್ಟಗೆ ಭದ್ರಾವತಿಗೆ ಹೋದೆ. ಶೆಡ್ಡಿನಲ್ಲಿ ಐದಾರು ಜನರಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡೆ.

“ಏನ್ ಮೇಸ್ತ್ರಿ, ನಿಮ್ಮ ಉಗುರಿಗೆ ಬೆಂಕಿ ಬಿತ್ತಾ? ನಿನ್ನೆ ಮಾಡಿದ ಪಾಯಿಂಟು ಇವತ್ತು ನಡುರಸ್ತೇಲಿ ನನ್ನ ಮಾನ ಕಳೀತಲ್ಲಾ!”

ಆತ ತನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಬಾಯಿ ಮುಚ್ಚಿತ್ತು. ನಾನು ಗೆದ್ದೆನೆಂದು ಬೀಗಿಕೊಂಡು ಬಂದೆ.

ಹದಿನೈದು ದಿನದ ಮೇಲೆ ಡೈನಮೋ ಕೆಲಸಕ್ಕೆ ಆತನ ಶೆಡ್ಡಿನಲ್ಲೇ ಗಾಡಿ ಬಿಟ್ಟಿದ್ದೆ. ಸಂಜೆ ಹೋಗಿ ಬಾನೆಟ್ ಎತ್ತಿದರೆ ನನ್ನ ಡಿಸ್ಟ್ರಿಬ್ಯೂಟರೇ ಇಲ್ಲ! ಪ್ರತಿ ಆಯುಧಪೂಜೆಗೆ ಅಪ್ಪ ಕುಂಕುಮ ಇಡುತ್ತಿದ್ದುದು ಅದಕ್ಕೆ, ಆಮೇಲೆ ನಾನಿಟ್ಟದ್ದೂ ಅದಕ್ಕೆ. ಆ ಜಾಗದಲ್ಲಿ ಯಾವುದೋ ಹೊಸ ಕಾರಿನದು ಕೂತಿತ್ತು. ಅದರ ಕಡ್ಡಿಯನ್ನು ಲೇತಿನಲ್ಲಿ ಕಡೆಸಿ ನನ್ನ ಇಂಜಿನ್ನಿಗೆ ಹೊಂದಿಸಿದ್ದ. ಪಕ್ಕಕ್ಕೆ ಒಂದು ಕಪ್ಪು ಎಲೆಕ್ಟ್ರಾನಿಕ್ ಪೆಟ್ಟಿಗೆ.

“ಯಾರನ್ನ ಕೇಳಿ ಬಿಚ್ಚಿದ್ರಿ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಅದು ನಮ್ಮಪ್ಪನ ಕಾಲದ್ದು. ವಾಪಸ್ ಕೊಡಿ.”

“ಕೊಡಲ್ಲ. ಕೊಟ್ರೆ ಇನ್ಯಾವನೋ ದಡ್ಡನ ಹತ್ರ ಅದನ್ನೇ ಮತ್ತೆ ಕೂರಿಸ್ತೀಯ. ಇದ್ರಲ್ಲಿ ಪಾಯಿಂಟೇ ಇಲ್ಲ. ಇನ್ಮೇಲೆ ನೀನು ನನ್ನ ಮುಖ ನೋಡೋದು ಬೇಕಾಗಿಲ್ಲ, ಹೋಗು.”

ಮುಖ ನೋಡೋದು ಬೇಕಾಗಿಲ್ಲವಂತೆ! ಒಂಬತ್ತು ವರ್ಷದ ಗಿರಾಕಿಗೆ ಹೇಳುವ ಮಾತೇ ಇದು? ಹೋಗು ಎಂದು ಕೈ ಬೀಸಿದಾಗ ಹೆಬ್ಬೆರಳು ಬೋಳಾಗಿದ್ದುದು ಕಣ್ಣಿಗೆ ಬಿತ್ತು. ತಲೆಗೆ ಹೋಗಲಿಲ್ಲ. “ಕಳ್ಳ, ಕಳ್ಳ ನನ್ಮಗನೇ” ಎಂದು ಕ್ವಾರ್ಟರ್ಸಿನ ಹೆಂಗಸರು ಬಾಗಿಲಿಗೆ ಬರುವ ಹಾಗೆ ಕೂಗಾಡಿದೆ.

ಅಷ್ಟಕ್ಕೇ ಬಿಟ್ಟೆನೇ? ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಇನ್ನಿಬ್ಬರ ಗಾಡಿಗೂ ಆತ ಹೀಗೇ ಮಾಡಿದ್ದನೆಂದು ತಿಳಿದ ಮೇಲಂತೂ ನನ್ನ ಮಾತಿಗೆ ರೆಕ್ಕೆ ಬಂತು. ಹಳೇ ಸಾಮಾನು ಗುಜರಿಗೆ ಮಾರುತ್ತಾನೆ ಎಂದು ನಾನೇ ಕಟ್ಟಿ ಹೇಳಿದೆ. ಶಿವಮೊಗ್ಗದಿಂದ ಅಲ್ಲಿಗೆ ಹೋಗುವವರು ಒಬ್ಬೊಬ್ಬರಾಗಿ ನಿಂತರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಗಾಡಿ ಮಾತ್ರ ಮೂರು ವರ್ಷ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಚಳಿಯಿರಲಿ, ಜಡಿಮಳೆಯಿರಲಿ, ಕೀಲಿ ತಿರುಗಿಸಿದೊಡನೆ ಗುರ್ರೆನ್ನುತ್ತಿತ್ತು. ಹಾಗೆ ಗುರ್ರೆಂದಾಗಲೆಲ್ಲ ನನಗೆ ಆತನ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆತ ಸತ್ತನೆಂದು ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಸುಳ್ಳು ಯಾಕೆ ಹೇಳಲಿ, ನಾನು ಭದ್ರಾವತಿಗೆ ಹೋದದ್ದು ದುಃಖಕ್ಕಲ್ಲ. ಅಪ್ಪನ ಡಿಸ್ಟ್ರಿಬ್ಯೂಟರ್ ಕೇಳಲು. ಶೆಡ್ಡಿಗೆ ಬೀಗ ಬಿದ್ದಿತ್ತು. ಹಿಂದಿನ ಮನೆಯಲ್ಲಿ ಆತನ ಹೆಂಡತಿ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ, ಮಂಚದ ಕೆಳಗಿನಿಂದ ಹಳೇ ಬನಿಯನ್ನಿನಲ್ಲಿ ಸುತ್ತಿದ ಗಂಟೊಂದನ್ನು ತಂದಿಟ್ಟರು.

“ಆಲ್ಕೊಳದವ್ರು ನೀವೇ ಅಲ್ವಾ? ಒಂದಿನ ಬಂದೇ ಬರ್ತಾನೆ, ಕೊಡು ಅಂದಿದ್ರು. ಕುಂಕುಮ ಇದೆ, ಒರೆಸ್ಬೇಡ ಅಂತ ಬೇರೆ ಹೇಳಿದ್ರು.”

ಬಿಚ್ಚಿ ನೋಡಿದೆ. ಕುಂಕುಮ ಹಾಗೇ ಇತ್ತು.

“ಇಟ್ಕೊಂಡಿದ್ದು ಯಾಕಕ್ಕಾ ಇದನ್ನ? ಪಾಯಿಂಟ್ ಕೆಲಸಾನೇ ಅವರ ಅನ್ನ ಅಲ್ವಾ? ಯಾಕೆ ಎಲ್ಲರಿಗೂ ಬಿಚ್ಚಿ ಹಾಕಿದ್ರು?”

“ಸಕ್ಕರೆ ಕಾಯಿಲೆ ಸ್ವಾಮಿ. ಬೆರಳೆಲ್ಲ ಜೋಮು. ಬಿಸಿ ಚಾ ಲೋಟ ಹಿಡ್ಕೊಂಡ್ರೂ ಗೊತ್ತಾಗ್ತಿರಲಿಲ್ಲ. ಉಗುರಿಗೆ ಕಚ್ಚಿದ್ದು ಇನ್ನೆಲ್ಲಿ ಗೊತ್ತಾಗುತ್ತೆ? ನೀವು ಬಂದು ಕೂಗಾಡಿದ್ರಲ್ಲ, ಗಾಡಿ ನಿಲ್ತು ಅಂತ, ಅವತ್ತೇ ಮನೆಗೆ ಬಂದು ಆ ಉಗುರು ಕತ್ತರಿಸಿಕೊಂಡ್ರು. ಇನ್ನು ಯಾರ ಗಾಡೀನೂ ನನ್ನಿಂದ ದಾರೀಲಿ ನಿಲ್ಲಬಾರ್ದು ಅಂದ್ರು.”

ಆಕೆ ಚಾ ಕೊಟ್ಟರು. ಲೋಟ ಅಲ್ಲೇ ಇಟ್ಟು, ಗಂಟು ಕಟ್ಟಿಕೊಂಡು ಎದ್ದೆ.

ಮರುದಿನ ಸ್ಟ್ಯಾಂಡಿನಲ್ಲಿ, ಆತ ಕಳ್ಳನಲ್ಲ, ನಾನು ಹೇಳಿದ್ದು ಸುಳ್ಳು ಅಂದೆ. ಒಬ್ಬ, “ಈಗ ಹೇಳಿ ಏನು ಬಂತು ಮಾರಾಯ” ಎಂದು ಪೇಪರ್ ಓದತೊಡಗಿದ.

ಸಿಟ್ಟು ನನಗೆ ಈಗಲೂ ಇದೆ. ಕೈ ನಡೀತಿಲ್ಲ ಕಣಯ್ಯಾ ಅಂತ ಒಂದು ಮಾತು ಹೇಳಿದ್ದರೆ ಆತನ ಗಂಟೇನು ಹೋಗುತ್ತಿತ್ತು? ಎಷ್ಟೋ ದಿನ ಹೀಗೆ ಬೈದುಕೊಂಡಿದ್ದೇನೆ. ಆದರೆ ಹೇಳಿದ್ದರೆ ನಾನೇನು ಮಾಡುತ್ತಿದ್ದೆ ಎಂಬುದೂ ನನಗೆ ಗೊತ್ತು. ಮಾರನೆಯ ದಿನವೇ ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳುತ್ತಿದ್ದೆ. ಒಂಬತ್ತು ವರ್ಷ ನನ್ನನ್ನು ನೋಡಿದ್ದ ಆ ಮನುಷ್ಯನಿಗೆ ಅದು ಗೊತ್ತಿರಲಿಲ್ಲವೇ?