ಬೇವಿನ ಗಿಡದ ಕೆಳಗಿನ ಡಬ್ಬಿ

ಸುಜಾತಾ, ನಮ್ಮ ರೊಟ್ಟಿ ಕೊಳ್ಳುವ ಸೊಲ್ಲಾಪುರದ ವ್ಯಾಪಾರಿಯ ಕಿವಿಯಲ್ಲಿ ನಿನ್ನ ಮೇಲೆ ಚಾಡಿ ಹೇಳಿದವಳು ನಾನೇ. ಅವನಾಗಿಯೇ ನಿನ್ನನ್ನು ಬೇಡವೆಂದ ಎಂದು ನಾನು ಹೇಳಿದ್ದು ಸುಳ್ಳು.

ಆಳಂದದಲ್ಲಿ ನಾವಿಬ್ಬರೂ ಪಾಲುದಾರರಾಗಿ ಖಡಕ್ ರೊಟ್ಟಿಯ ಕೇಂದ್ರ ತೆರೆದಾಗ ಊರವರು ಹುಬ್ಬೇರಿಸಿದ್ದರು — ನಾನು ಲಿಂಗಾಯತರ ಮನೆಯವಳು, ನೀನು ಪಕ್ಕದ ಮಟಕಿ ಊರಿನ ಬೌದ್ಧರ ಮಗಳು. ರೊಟ್ಟಿ ಬಡಿಯುವ ಹೆಂಗಸರನ್ನು ನಾನು ನೋಡಿಕೊಳ್ಳುವುದು, ಮರಾಠಿ ಬಲ್ಲ ನೀನು ಸೊಲ್ಲಾಪುರದ ವ್ಯವಹಾರ ನೋಡುವುದು. ಎಷ್ಟು ಚೆಂದದ ಮಾತು! ಆದರೆ ನೀನು ಫೋನಿನಲ್ಲಿ ಆ ವ್ಯಾಪಾರಿಯ ಜೊತೆ ನಕ್ಕಾಗಲೆಲ್ಲ ನಾನು ಕೆಲಸ ಬಿಟ್ಟು, ತಿಳಿಯದ ಮರಾಠಿಗೆ ಕಿವಿಗೊಡುತ್ತಿದ್ದೆ. ಯಾಕೆ ನಕ್ಕಳು? ನನ್ನ ಬಗ್ಗೆಯೇ ಏನಾದರೂ—

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಣ್ಣಲು ಕೂತರೆ ನೀನು ಮಾತ್ರ ಚೀಲ ಹಿಡಿದು ಹೊರಗೆ. ಕೇಳಿದರೆ, "ಈಗ ಬರ್ತೇನ್ರಿ ಅಕ್ಕಾ." ಬೇರೆ ಕೇಂದ್ರ ಹಾಕುವ ಮಸಲತ್ತೇ ಎಂದು ನಾನೇ ತೀರ್ಮಾನಿಸಿಬಿಟ್ಟೆ. ವ್ಯಾಪಾರಿ ಆಳಂದಕ್ಕೆ ಬಂದ ದಿನ, ನೀನು ಚಹಾ ತರಲು ಎದ್ದಾಗ, ಅವನಿಗೆ ಹೇಳಿದೆ: "ಆಕಿ ಮ್ಯಾಲೆ ಭರೋಸಾ ಇಡಬ್ಯಾಡ್ರಿ. ಏನಿದ್ರೂ ನನ್ನ ಜೋಡಿ ಮಾತಾಡ್ರಿ." ಅಷ್ಟು ಕನ್ನಡ ಅವನಿಗೆ ಬರುತ್ತಿತ್ತು.

ಮರುವಾರ ಅವನು, ಇನ್ನು ನನ್ನೊಬ್ಬಳ ಜೊತೆಗೇ ವ್ಯವಹಾರ ಎಂದು ತಿಳಿಸಿದ. ಆ ಮಧ್ಯಾಹ್ನ — ಗೆದ್ದ ಮೇಲೂ ಅನುಮಾನ ಬಿಡಲಿಲ್ಲ ನೋಡು — ನಿನ್ನ ಹಿಂದೆಯೇ ಬಂದೆ. ಶೆಡ್ಡಿನ ಹಿಂದಿನ ಬೇವಿನ ಗಿಡದ ಕೆಳಗೆ ನೀನೊಬ್ಬಳೇ ಉಣ್ಣುತ್ತಿದ್ದೆ. ಡಬ್ಬಿಯಲ್ಲಿ ಮೊಟ್ಟೆಯ ಪಲ್ಯ.

"ಇಲ್ಯಾಕ ಕುಂತಿ ಬೇ?"

"ತತ್ತಿ, ಖಂಡ ಒಳಗ ತರಬ್ಯಾಡ ಅಂತ ಮೊದಲನೇ ದಿನಾನೇ ನೀವು ಅಂದಿದ್ರಲ್ರಿ ಅಕ್ಕಾ." ನೀನು ಮುನಿಸಿಲ್ಲದೆ ಹೇಳಿದೆ. ಸರಿದು ನೆರಳಿನಲ್ಲಿ ನನಗೂ ಜಾಗ ಬಿಟ್ಟೆ.

ಹೌದು, ಅಂದಿದ್ದೆ. ಅಂದು ಮರೆತಿದ್ದೆ. ಆಗಲೇ ಬಾಯಿ ಬಿಡಬಹುದಿತ್ತು. ಬದಲಿಗೆ ಸಂಜೆ, ನೀನು ಇದ್ದರೆ ಮಾಲು ಕೊಳ್ಳುವುದಿಲ್ಲವಂತೆ ಅವನು ಎಂದೆ. ನೀನು ನಂಬಿದೆ. "ನನ್ನ ಸಲುವಾಗಿ ಕೇಂದ್ರ ಬಂದ್ ಆಗೂದು ಬ್ಯಾಡ್ರಿ" ಎಂದು ಪಾಲು ಬಿಟ್ಟು ಹೋದೆ.

ಈಗ ಜೇವರ್ಗಿಯಲ್ಲಿ ಬೇರೆಯವರ ಬಳಿ ಕೂಲಿಗೆ ರೊಟ್ಟಿ ಬಡಿಯುತ್ತೀಯಂತೆ. ಮೊನ್ನೆ ಕಾಲೇಜೊಂದರವರು ಕರೆದು, ಬೇರೆ ಬೇರೆ ಸಮುದಾಯದವರು ಕೂಡಿ ವ್ಯಾಪಾರ ಮಾಡುವುದು ಹೇಗೆಂದು ಮಕ್ಕಳಿಗೆ ಹೇಳಿ ಎಂದರು. ನಿನ್ನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದೆ. ನೀನು ಬಿಟ್ಟು ಹೋದದ್ದೇಕೆ ಎಂಬುದನ್ನು ಮುಚ್ಚಿಟ್ಟೆ. ಈಗ ನನ್ನ ಅನುಮಾನವೆಲ್ಲ ನನ್ನ ಮೇಲೆಯೇ — ಈ ತಪ್ಪೊಪ್ಪಿಗೆಯೂ ಒಳ್ಳೆಯವಳೆನಿಸಿಕೊಳ್ಳುವ ಹುನ್ನಾರವೋ ಏನೋ. ಅದಕ್ಕೇ ಇದನ್ನು ಬರೆಯುವ ಮೊದಲು ವ್ಯಾಪಾರಿಗೆ ಫೋನು ಮಾಡಿ, ಅಂದು ನಿನ್ನ ಬಗ್ಗೆ ಆಡಿದ್ದು ಸುಳ್ಳೆಂದು ಹೇಳಿದೆ.

ನಾಳೆ ಜೇವರ್ಗಿಗೆ ಬರುತ್ತೇನೆ. ನೀನು ಒಳಗೆ ಕರೆಯಬೇಕಾಗಿಲ್ಲ. ನಾನು ಹೊರಗೇ ಕೂತಿರುತ್ತೇನೆ.